ಕರುಣಾ ಕ್ಯಾಂಪಿಗೆ ಹೋದ ಮಳೆಗಾಲ

ನಮ್ಮ ಚಾಳಿನ ಹಿಂದೆ ಹೊಸ ಬಿಲ್ಡಿಂಗ್ ಏಳುತ್ತಿದೆ. ಮಳೆ ಹಿಡಿದ ದಿನ ಅಲ್ಲಿಯ ವಾಚ್‌ಮನ್ ತಗಡಿನ ಕೆಳಗೆ ಒಲೆ ಹೂಡಿ, ಟೈಲ್ಸ್ ತುಂಬಿಕೊಂಡು ಬಂದ ಪೈನ್ ಮರದ ಪೆಟ್ಟಿಗೆ ಒಡೆದು ಚಹಾ ಕಾಸುತ್ತಾನೆ. ನಿನ್ನೆ ಸಂಜೆ ಆ ಹೊಗೆ ನಮ್ಮ ಗ್ಯಾಲರಿಗೆ ಬಂತು. ಬೇವಿನ ಹೊಗೆಯಲ್ಲ, ಜಾಲಿಯ ಹೊಗೆಯೂ ಅಲ್ಲ. ಸ್ವಲ್ಪ ಔಷಧಿಯ ಹಾಗೆ, ಸ್ವಲ್ಪ ರಾಳದ ಹಾಗೆ ಮೂಗಿಗೆ ಅಡರುವ ವಾಸನೆ. ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಬಂದು ನಿಂತೆ. ನನ್ನ ಮೊಮ್ಮಗಳು ಕರುಣಾ ರುಮೇನಿಯಾದಿಂದ ತಿರುಗಿ ಬಂದು ಚೀಲ ಬಿಚ್ಚಿದಾಗ, ಅಲ್ಲಿಯ ಪೈನ್ ಕಟ್ಟಿಗೆಯ ಹೊಗೆ ಹಿಡಿದ ಅವಳ ಬಟ್ಟೆಯಿಂದ ಬಂದ ವಾಸನೆ ಇದೇ. ಆ ಮಳೆಗಾಲವೆಲ್ಲ ಒಮ್ಮೆಲೇ ಮೈಮೇಲೆ ಬಂದ ಹಾಗಾಗಿ, ನಿನ್ನೆಯಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಯಾರಿಗಾದರೂ ಹೇಳಬೇಕು. ಚಾಳಿನವರಿಗೆ ಹೇಳಿ ಹೇಳಿ ಅವರ ಕಿವಿ ಸವೆದಿವೆ, ಅದಕ್ಕೆ ಬರೆಯುತ್ತಿದ್ದೇನೆ. ಬೆಟಗೇರಿಯ ಮಿಶನ್ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳ ಬರಹ ಇದು. ಹಿಂದುಮುಂದಾದರೆ ಸೈರಿಸಿಕೊಳ್ಳಿ.

ಕರುಣಾ ನನ್ನ ಮಗಳ ಮಗಳು. ನನ್ನ ಮಗಳು ತೀರಿಕೊಂಡಾಗ ಈ ಕೂಸು ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಎತ್ತಿಕೊಂಡು ಗೋರೆಗಾಂವಿಗೆ ತಂದೆವು. ನಮ್ಮ ಮನೆಯವರು ಫಿಲ್ಮ್ ಸಿಟಿಯಲ್ಲಿ ಸೆಟ್ಟಿನ ಗೋಡೆಗಳಿಗೆ ಪ್ಲಾಸ್ಟರ್ ಮಾಡುತ್ತಿದ್ದರು. ಅರಮನೆಯ ಮೇಲೆ ಅರಮನೆ ಕಟ್ಟಿ ಕೆಡವಿದ ಮನುಷ್ಯ; ನಮ್ಮ ಮನೆಯ ಸೋರುವ ಮೂಲೆಯನ್ನು ಮಾತ್ರ ಇವತ್ತಿಗೂ ಮುಟ್ಟಿಲ್ಲ. ನನ್ನದು ಸೀರೆಗೆ ಫಾಲು ಹಚ್ಚುವ ಕೆಲಸ. ವಿಲೆ ಪಾರ್ಲೆಯ ಅಂಗಡಿಯಿಂದ ಸೀರೆ ತಂದು, ಮನೆಯಲ್ಲಿ ಹೊಲಿದು, ಲೋಕಲ್ ರೈಲು ಹತ್ತಿ ಹೋಗಿ ಕೊಟ್ಟು ಬರುವುದು. ಈ ಎರಡು ಕೈಗಳ ನಡುವೆ ಹುಡುಗಿ ಬೆಳೆದಳು.

ಬೆಳೆದಳು, ಆದರೆ ಎಲ್ಲಿಗೆ ಕಳಿಸಿದರೂ ತಿರುಗಿ ಬರುತ್ತಿದ್ದಳು. ಬೆಳಗಾವಿಗೆ ನರ್ಸಿಂಗ್ ಕಲಿಯಲು ಕಳಿಸಿದೆವು. ಹಾಸ್ಟೆಲಿನಲ್ಲಿ ಟ್ರಂಕಿನಿಂದ ಬಟ್ಟೆ ತೆಗೆದು ಇಡುವ ಮೊದಲೇ ವಾಪಸ್ಸು ಬಂದಳು. ಪುಣೆಯಲ್ಲಿ ನೌಕರಿ ಸಿಕ್ಕಿತು. ಮೊದಲ ಪಗಾರದ ಮೊದಲೇ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದಳು. ಯಾರೂ ಏನೂ ಅಂದಿರಲಿಲ್ಲ. ಅವಳಿಗೆ ಅಲ್ಲಿ ಇರಲು ಆಗಲಿಲ್ಲ, ಅಷ್ಟೇ. ನಾನು ಪ್ರತಿ ಸಲವೂ ಒಂದು ಮಾತೂ ಕೇಳದೆ ತಾಟು ಇಡುತ್ತಿದ್ದೆ. ಮೂಲೆಯಿಂದ ನಮ್ಮ ಮನೆಯವರು ಗೊಣಗುತ್ತಿದ್ದರು, ಬಾಗಿಲು ಇಷ್ಟು ಅಗಲ ತೆರೆದಿಟ್ಟರೆ ಹಕ್ಕಿ ಹಾರುವುದು ಯಾವಾಗ ಅಂತ.

ನಮ್ಮ ಕನ್ನಡ ಸಭೆಗೆ ಸ್ವಂತ ದೇವಾಲಯವಿಲ್ಲ. ಇಂಗ್ಲಿಷಿನವರ ಆರಾಧನೆ ಮುಗಿದು, ಮರಾಠಿಯವರದು ಮುಗಿದು, ಊಟದ ಹೊತ್ತು ಮೀರಿದ ಮೇಲೆ ನಮಗೆ ಬಾಗಿಲು ತೆರೆಯುತ್ತದೆ. ಆ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಐತವಾರ ನಮ್ಮ ಪಾಸ್ಟರ್ ಅಯ್ಯನವರು ಪ್ರಕಟಣೆ ಹೇಳಿದರು. ರುಮೇನಿಯಾ ಅನ್ನುವ ದೇಶದ ಬೆಟ್ಟದಲ್ಲಿ ಮಕ್ಕಳಿಗೆ ಬೇಸಿಗೆಯ ಕ್ಯಾಂಪ್ ನಡೆಯುತ್ತದಂತೆ. ಹಾಡು, ಆಟ, ಬೈಬಲ್ ಕಥೆ, ನಾಲ್ಕು ಮಾತು ಇಂಗ್ಲಿಷ್ ಕಲಿಸಲು ಬೇರೆ ಬೇರೆ ದೇಶಗಳಿಂದ ಸ್ವಯಂಸೇವಕರು ಬೇಕಂತೆ. ಹೋಗಿಬರುವ ವ್ಯವಸ್ಥೆ ಸಭೆಯೇ ನೋಡಿಕೊಳ್ಳುತ್ತದೆ, ಯಾರಾದರೂ ಇದ್ದೀರಾ ಅಂದರು. ಸಂಡೇ ಸ್ಕೂಲಿನಲ್ಲಿ ಸಣ್ಣ ಮಕ್ಕಳಿಗೆ ಪಿಸುಮಾತಿನಲ್ಲಿ ಪಾಠ ಹೇಳುವ ಹುಡುಗಿ, ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದ ಹುಡುಗಿ, ನನ್ನ ಪಕ್ಕದಲ್ಲಿ ಕೂತಲ್ಲೇ ಕೈ ಎತ್ತಿದಳು. ಯಾರದೋ ಕೈ ಅಂತ ನಾನು ಹಿಂದೆ ತಿರುಗಿ ನೋಡಿದೆ.

ಆ ಸಂತೋಷವನ್ನು ಹೇಗೆ ಬರೆಯಲಿ? ಮೀನಿನ ಮಾರ್ಕೆಟ್ಟಿನಲ್ಲಿ ಹೇಳಿದೆ, ರೇಶನ್ ಅಂಗಡಿಯಲ್ಲಿ ಹೇಳಿದೆ, ಲೇಡೀಸ್ ಡಬ್ಬಿಯಲ್ಲಿ ಗುರುತಿಲ್ಲದ ಗುಜರಾತಿ ಹೆಂಗಸಿಗೂ ಹೇಳಿದೆ. ಪಕ್ಕದ ಮನೆಯ ಶಿಂದೆ ಬಾಯಿಗೆ ಮಾತ್ರ ಒಂದು ಸಂಶಯ. ಜೂನ್ ಮುಗಿಯುತ್ತಾ ಬಂತು, ಇಲ್ಲಿ ಹಳಿಯ ಮೇಲೆ ನೀರು, ಇದೆಂಥ ಬೇಸಿಗೆ ಕ್ಯಾಂಪ್, ಯಾರೋ ಮೋಸ ಮಾಡುತ್ತಿದ್ದಾರೆ ಅಂದಳು. ನಾನು ಹೋಗಿ ಕರುಣಾಳನ್ನು ಕೇಳಿದೆ. ಅಲ್ಲಿ ಈಗ ಬಿಸಿಲು ಅಂತ ಕರುಣಾ ಫೋನಿನಲ್ಲಿ ಬೆಟ್ಟ, ಹುಲ್ಲು, ಮರದ ಮನೆಗಳನ್ನು ತೋರಿಸಿದಳು. ನಮ್ಮ ಮನೆಯವರು ಕನ್ನಡಕ ಏರಿಸಿ ನೋಡಿ, “ಈ ಸೆಟ್ಟು ಚಲೋ ಹಾಕ್ಯಾರ” ಅಂದರು.

ವಿಮಾನ ಹತ್ತಿಸಿ ಬಂದ ದಿನದಿಂದ ನನ್ನ ಕಾಲು ನೆಲಕ್ಕೆ ಊರಲಿಲ್ಲ. ಗ್ಯಾಲರಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಪಾರ್ಲೆಗೆ ಸೀರೆ ಕೊಡಲು ಹೋದರೆ ಅಲ್ಲಿ ತಲೆಯ ಮೇಲೆಯೇ ವಿಮಾನ ಹೋಗುತ್ತವೆ. ಒಂದೊಂದು ಹೋದಾಗಲೂ ಛತ್ರಿ ಸರಿಸಿ ಮುಖ ಮೇಲೆತ್ತಿ ನಿಲ್ಲುವುದು. ಅಂಗಡಿಯ ಶೇಟ್ ನಕ್ಕು, ಮೌಸಿ, ಅವಳು ಹೋಗಿ ತಲುಪಿ ಆಯಿತು, ಇದರಲ್ಲಿ ಬೇರೆ ಯಾರೋ ಇದ್ದಾರೆ ಅಂದ. ನನಗೂ ಗೊತ್ತಿತ್ತು. ಆದರೆ ಕುತ್ತಿಗೆ ಕೇಳುತ್ತಿರಲಿಲ್ಲ.

ಕ್ಯಾಂಪಿನ ನಿಯಮ ಏನೆಂದರೆ, ಫೋನುಗಳೆಲ್ಲ ಆಫೀಸಿನಲ್ಲಿ ಇರಬೇಕು. ಐತವಾರ ಅವರ ಮಧ್ಯಾಹ್ನದ ಊಟವಾದ ಮೇಲೆ ಕೈಗೆ ಕೊಡುತ್ತಾರೆ. ಅಲ್ಲಿಯ ಮಧ್ಯಾಹ್ನ ಅಂದರೆ ನಮ್ಮ ಸಂಜೆ. ಮೊದಲ ಐತವಾರ ನಾವಿಬ್ಬರೂ ಆರಾಧನೆಯಿಂದ ಬಂದವರು ಬಟ್ಟೆ ಬದಲಿಸದೆ ಫೋನು ನಡುವೆ ಇಟ್ಟುಕೊಂಡು ಕೂತೆವು. ಬೆಲ್ಲು ಬಂತು. ಪರದೆಯ ಮೇಲೆ ಕರುಣಾಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಹಾಸ್ಟೆಲಿನಿಂದ ಬಂದು ಬಾಗಿಲಲ್ಲಿ ನಿಂತಾಗ ಇದ್ದ ಮುಖವೇ ಅದು.

“ಅಜ್ಜಿ, ನಂಗ ಬರಬೇಕು.”

“ಯಾಕ ನನ್ನವ್ವಾ? ಯಾರರ ಏನರ ಅಂದ್ರೇನು?”

“ನಹೀ ಅಜ್ಜಿ. ಲೋಗ್ ಬಹುತ್ ಅಚ್ಛೇ ಹೈ. ಪರ್ ನಂಗ... ಆಗಂಗಿಲ್ಲ.”

ಆಮೇಲೆ ಕನ್ನಡ ಸ್ವಲ್ಪ, ಹಿಂದಿ ಹೆಚ್ಚು, ಅಳು ಅದಕ್ಕಿಂತ ಹೆಚ್ಚು ಬೆರೆಸಿ ಅವಳು ಹೇಳಿದ್ದು ಇಷ್ಟು. ಮರದ ಮನೆಯೊಂದರಲ್ಲಿ ಸಣ್ಣ ಹುಡುಗಿಯರ ಗುಂಪೊಂದನ್ನು ಅವಳ ವಶಕ್ಕೆ ಕೊಟ್ಟಿದ್ದಾರೆ. ಅದರಲ್ಲಿ ಇಲಿಂಕಾ ಅಂತ ಒಬ್ಬಳು. ಅವಳ ಅಪ್ಪ ಅಮ್ಮ ದುಡಿಯಲು ಇಟಲಿ ಸೇರಿದ್ದಾರೆ, ಮಗು ಅಜ್ಜಿಯ ಹತ್ತಿರ ಬೆಳೆದದ್ದು. ಅವರ ಮಾತಿನಲ್ಲಿ ಅಜ್ಜಿಗೆ ಬುನಿಕಾ ಅನ್ನುತ್ತಾರಂತೆ. ಬಿಸಿಲು ಇಳಿಯಿತೆಂದರೆ ಬುನಿಕಾ, ಬುನಿಕಾ ಅಂತ ಶುರು. ಆಟ ಬೇಡ, ಹಾಡು ಬೇಡ, ಊಟ ಬೇಡ. ಉಳಿದ ಸ್ವಯಂಸೇವಕರು ಸಮಾಧಾನ ಮಾಡಿ ಸೋತು, ಕರುಣಾಳ ಮಡಿಲಿಗೇ ಬಿಟ್ಟಿದ್ದಾರೆ.

“ಅಕಿ ಅತ್ತರ ನಂಗೂ ಅಳು ಬರ್ತದ ಅಜ್ಜಿ. ದೋನೋ ಬೈಠ್‌ಕೇ ರೋತೇ ಹೈ.”

ನನ್ನ ಗಂಟಲಲ್ಲಿ ‘ಬಾ’ ಅನ್ನುವ ಅಕ್ಷರ ಬಂದು ನಿಂತಿತ್ತು. ಅಯ್ಯನವರು ಹೋಗುವಾಗಲೇ ಹೇಳಿದ್ದರು, ಹುಡುಗಿಗೆ ಆಗದಿದ್ದರೆ ಟಿಕೆಟ್ ಬದಲಿಸಿ ಕರೆಸೋಣ ಅಂತ. ಒಂದು ಮಾತು ಸಾಕಿತ್ತು. ಆಗ ನಮ್ಮ ಮನೆಯವರು ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಿವಿಯ ಹತ್ತಿರ ಬಂದರು.

“ನೀ ಬಾ ಅಂದ್ರ ಅಕಿ ನಾಳೆ ವಿಮಾನದಾಗ ಇರ್ತಾಳ. ಮತ್ತ ಅಕಿ ಎಲ್ಲಿಗೂ ಹೋಗಂಗಿಲ್ಲ. ನಾವು ಸತ್ತ ಮ್ಯಾಲೆ ಯಾರ ಕಡೆ ವಾಪಸ್ ಬರ್ತಾಳ?”

ಇಷ್ಟು ವರ್ಷಗಳಲ್ಲಿ ಆ ಮನುಷ್ಯ ಹೀಗೆ ಮಾತಾಡಿದ್ದು ಅದೇ ಮೊದಲು.

ಕರುಣಾ ಸಣ್ಣವಳಿದ್ದಾಗ ಸಂಜೆಯಾದರೆ ಹೀಗೇ ಅಳುತ್ತಿದ್ದಳು. ತಾಯಿ ಬೇಕು ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸುಮ್ಮನೆ ಅಳು. ಎತ್ತಿಕೊಂಡರೆ ಹೆಚ್ಚು, ಬಿಟ್ಟರೆ ಇನ್ನೂ ಹೆಚ್ಚು. ಒಂದು ದಿನ ನನಗೆ ಕೈ ಬಿಡುವಿಲ್ಲದೆ ಮೊರದಲ್ಲಿ ರೇಶನ್ ಅಕ್ಕಿ ಹಾಕಿ ಅವಳ ಮುಂದಿಟ್ಟು, ಹರಳು ಆರಿಸು ಅಂದೆ. ಸಣ್ಣ ಬೆರಳು, ಸಣ್ಣ ಹರಳು. ಮೂಗು ಸೊರ್ ಸೊರ್ ಅನ್ನಿಸುತ್ತ ಒಂದೊಂದೇ ಆರಿಸಿ ಬದಿಗಿಟ್ಟಳು. ಎಲ್ಲಿ ಅಳು ನಿಂತಿತೋ ಅವಳಿಗೂ ತಿಳಿಯಲಿಲ್ಲ. ಮರುದಿನ ಮತ್ತೆ ಕೊಟ್ಟೆ. ಆದರೆ ಅಕ್ಕಿಯಲ್ಲಿ ಹರಳು ಎಷ್ಟಿದ್ದಾವು? ಅವಳು ಆರಿಸಿದ ಹರಳನ್ನು ನಾನು ಬಾಮಿನ ಖಾಲಿ ಡಬ್ಬಿಯಲ್ಲಿ ಕೂಡಿಟ್ಟು, ಅವಳು ಆಚೆ ಹೋದಾಗ ಮತ್ತೆ ಅಕ್ಕಿಯಲ್ಲಿ ಬೆರೆಸತೊಡಗಿದೆ. ಹರಳು ಕಡಿಮೆ ಬಿದ್ದಾಗ ನಮ್ಮ ಮನೆಯವರು ಫಿಲ್ಮ್ ಸಿಟಿಯಿಂದ ಅರಮನೆಯ ಮರಳು ಸೋಸಿ ತಂದುಕೊಟ್ಟರು. ಅದೇ ಹರಳನ್ನು ಆ ಕೂಸು ಎಷ್ಟು ಸಂಜೆ ಆರಿಸಿತೋ. ಕೆಲಸ ಮುಗಿದಾಗ, ಅಜ್ಜಿ, ಇವತ್ತೂ ನಾನಿಲ್ಲದಿದ್ದರೆ ನಿಮ್ಮ ಹಲ್ಲು ಮುರಿಯುತ್ತಿತ್ತು ಅನ್ನುತ್ತಿದ್ದಳು. ಹೌದವ್ವಾ, ನೀನಿದ್ದದ್ದಕ್ಕೆ ಉಳಿದೆವು ಅನ್ನುತ್ತಿದ್ದೆವು.

ಗಂಡನ ಕೈಯನ್ನು ಫೋನಿನಿಂದ ತೆಗೆದು ನಾನು ಅಂದೆ, “ಆ ಕೂಸಿಗೆ ಸಮಾಧಾನಾ ಮಾಡಬ್ಯಾಡ. ಅಕಿ ಕೈಗೆ ಏನರ ಕೆಲಸಾ ಕೊಡು. ನೀ ಸಣ್ಣಾಕಿದ್ದಾಗ ಹರಳ ಆರಸ್ತಿದ್ದೆಲ್ಲ, ಹಂಗ. ಮುಂದಿನ ಐತವಾರ ತನಾ ನೋಡು. ಅವಾಗೂ ಬರಬೇಕು ಅನಿಸಿದ್ರ, ನಾನ ಬಾ ಅಂತೀನಿ.”

“ಪಕ್ಕಾ?”

“ಪಕ್ಕಾ.”

ಆ ವಾರ ಇದೆಯಲ್ಲ, ಅದು ವಾರವಲ್ಲ. ಮಳೆ ಹಗಲೂ ರಾತ್ರಿ ಒಂದೇ ಸಮನೆ ಹೊಯ್ಯಿತು. ನಾನು ಸೀರೆಯ ಸೆರಗಿನ ಕಡೆಗೆ ಫಾಲು ಹಚ್ಚಿ ಮತ್ತೆ ಬಿಚ್ಚಿದೆ. ಕರುಣಾ ಬಂದರೆ ಇರಲಿ ಅಂತ ಅವಳ ಗಾದಿಯನ್ನು ಫ್ಯಾನಿನ ಕೆಳಗೆ ಹಾಕಿ ಆರಿಸಿದೆ. ಬರುವುದು ಬೇಡ ಅಂತ ಸುತ್ತಿ ಮೇಲಿಟ್ಟೆ. ಸಂಜೆಗೆ ಮತ್ತೆ ಇಳಿಸಿದೆ. ನಮ್ಮ ಮನೆಯವರು ನೋಡಿ ನೋಡಿ ಸಾಕಾಗಿ, “ಒಂದ ಸೆಟ್ಟು ಎಷ್ಟ ಸಲಾ ಹಾಕ್ತಿ, ಎಷ್ಟ ಸಲಾ ತಗೀತಿ?” ಅಂದರು. ಹಾಗೆ ಅಂದವರು ತಾವೇ ಹೋಗಿ ಅವಳಿಗೆ ಇಷ್ಟವಾದ ಬೊಂಬಿಲ್ ಒಣಮೀನು ತಂದು ಡಬ್ಬಿಗೆ ತುಂಬಿಟ್ಟರು. ಕೇಳಿದರೆ, ಮಾರ್ಕೆಟ್ಟಿನಲ್ಲಿ ಚಲೋ ಇತ್ತು ಅಂದರು.

ಬುಧವಾರ ಮನೆಮನೆ ಪ್ರಾರ್ಥನೆಯ ಸರದಿ ನಮ್ಮದಿತ್ತು. ಅವಲಕ್ಕಿ ಚಹಾ ಆದ ಮೇಲೆ ಅಯ್ಯನವರು ಕಣ್ಣು ಮುಚ್ಚಿ, ಕರ್ತನೇ, ದೂರ ದೇಶದಲ್ಲಿರುವ ನಿನ್ನ ಮಗಳಿಗೆ ನಿಲ್ಲುವ ಬಲ ಕೊಡು ಅಂತ ಬೇಡಿಕೊಂಡರು. ಎಲ್ಲರೂ ಆಮೆನ್ ಅಂದರು. ನನ್ನ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ತಲೆ ನಿಲ್ಲಲಿ ಅನ್ನುತ್ತಿತ್ತು, ಹೊಟ್ಟೆ ಬರಲಿ ಅನ್ನುತ್ತಿತ್ತು. ದೇವರಿಗೆ ಎರಡೂ ಕೇಳಿಸಿರಬೇಕು. ಯಾವುದನ್ನು ಒಪ್ಪಿಕೊಳ್ಳುತ್ತಾನೋ ಅಂತ ಪಾತ್ರೆ ತಿಕ್ಕುವಾಗಲೂ ಅದೇ ಯೋಚನೆ. ಅಷ್ಟರಲ್ಲಿ ಒಮ್ಮೊಮ್ಮೆ ಕಾರಣವಿಲ್ಲದೆ ಸಂತೋಷ ಉಕ್ಕುತ್ತಿತ್ತು. ನನ್ನ ಮೊಮ್ಮಗಳು ನಾನು ಹೆಸರೂ ಕೇಳದ ಊರಿನ ಬೆಟ್ಟದ ಮೇಲೆ ಯಾರದೋ ಮಗುವಿನ ಮೂಗು ಒರೆಸುತ್ತಿದ್ದಾಳೆ, ಅತ್ತುಕೊಂಡಾದರೂ ಒರೆಸುತ್ತಿದ್ದಾಳೆ. ಹಾಗೆ ನೆನೆದಾಗ ಕೈಯಲ್ಲಿದ್ದ ಪಾತ್ರೆ ಇಟ್ಟು ಮತ್ತೆ ಗ್ಯಾಲರಿಗೆ ಓಡುವುದು.

ಐತವಾರ ಬಂತು. ಬಂತು ಅಂದರೆ ಮಳೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂತು. ಲೋಕಲ್ ನಿಂತವು, ಆರಾಧನೆಗೆ ಹೋಗಲು ಆಗಲಿಲ್ಲ. ಮಧ್ಯಾಹ್ನ ಕರೆಂಟೂ ಹೋಯಿತು. ಫೋನಿನಲ್ಲಿ ಚಾರ್ಜು ಕೆಂಪಗಾಗಿತ್ತು. ನಾನು ಫೋನನ್ನು ಮುಟ್ಟಲೂ ಹೆದರಿ ದೂರದಿಂದಲೇ ನೋಡುತ್ತಿದ್ದೆ, ಮುಟ್ಟಿದರೆ ಚಾರ್ಜು ಸೋರಿಹೋಗುತ್ತದೋ ಎಂಬಂತೆ. ಶಿಂದೆ ಬಾಯಿಗೆ ನನ್ನ ಓಡಾಟ ಗೋಡೆಯಾಚೆಗೂ ಕೇಳಿಸುತ್ತಿತ್ತಂತೆ. ಅವಳು ತನ್ನ ಪವರ್ ಬ್ಯಾಂಕ್ ತಂದು ತಾನೇ ಚುಚ್ಚಿ, ಇನ್ನಾದರೂ ಕೂತುಕೋ, ನಿನ್ನ ಕಾಲಿನಿಂದ ನಮ್ಮ ಗೋಡೆಯ ಫೋಟೋ ಅಲುಗುತ್ತಿದೆ ಅಂದು ಹೋದಳು.

ಸಂಜೆ ಬೆಲ್ಲು ಬಂತು. ಮೊದಲು ಕಂಡದ್ದು ಕರುಣಾಳ ಮುಖವಲ್ಲ, ಉದ್ದನೆಯ ಮೇಜು. ಅದರ ಮೇಲೆ ಬಿಳಿ ಕಾಳಿನ ರಾಶಿ, ನಮ್ಮ ಅವರೆಯ ಹಾಗೆ. ರಾಶಿಯ ಹಿಂದೆ ಹುಲ್ಲಿನ ಬಣ್ಣದ ಕೂದಲಿನ ಪುಟ್ಟ ಹುಡುಗಿ ಬಗ್ಗಿ ಕಾಳು ಆರಿಸುತ್ತಿದ್ದಳು. ನಮ್ಮ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಕೆಲಸದಲ್ಲಿದ್ದವರು ಹಾಗೇ.

ಕರುಣಾ ಫೋನು ಎತ್ತಿಕೊಂಡು ಅಂಗಳಕ್ಕೆ ಬಂದಳು. ನಡೆದದ್ದನ್ನು ಹೇಳುತ್ತ ನಗುತ್ತಿದ್ದಳು. ಕ್ಯಾಂಪಿನಲ್ಲಿ ವಾರಕ್ಕೆ ಎರಡು ಸಲ ಕಾಳಿನ ಸೂಪು. ಅಡುಗೆಮನೆಯಿಂದ ಕಾಳು ಬೇಡಿ ತಂದು ಇಲಿಂಕಾಳ ಮುಂದೆ ಸುರಿದಳಂತೆ. ಆದರೆ ಪೊಟ್ಟಣದ ಕಾಳು, ಹರಳೆಲ್ಲಿಂದ ಬರಬೇಕು? ಅಂಗಳದ ಗರಸುಕಲ್ಲು ಆರಿಸಿ ತೊಳೆದು ಕಾಳಿನಲ್ಲಿ ಬೆರೆಸುವಾಗ ಅಡುಗೆಯ ಹೆಂಗಸು ನೋಡಿಬಿಟ್ಟಳು. ಊಟದಲ್ಲಿ ಕಲ್ಲು ಹಾಕುವ ಸ್ವಯಂಸೇವಕಿಯನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಸೌಟು ಹಿಡಿದೇ ಕೂಗಾಡಿದಳಂತೆ, ಇವಳಿಗೆ ಒಂದಕ್ಷರ ತಿಳಿಯಲಿಲ್ಲ. ಮಾತು ಬಾರದೆ ಕರುಣಾ ಆ ಹೆಂಗಸಿನ ತೋಳು ಹಿಡಿದು ಬಾಗಿಲ ಸಂದಿಗೆ ಕರೆತಂದು, ಒಳಗೆ ಕೂತು ಆರಿಸುತ್ತಿದ್ದ ಮಗುವನ್ನು ತೋರಿಸಿದಳು. ಹೆಂಗಸು ತುಸು ಹೊತ್ತು ನೋಡಿದಳು. ಆಮೇಲೆ ಸೌಟು ಬದಿಗಿಟ್ಟು ಅಂಗಳಕ್ಕೆ ಹೋಗಿ ತಾನೂ ಒಂದು ಮುಷ್ಟಿ ಗರಸು ತಂದು ಕೊಟ್ಟಳಂತೆ.

“ಅಜ್ಜಿ,” ಅಂದಳು ಕರುಣಾ. ನಗು ನಿಂತಿತ್ತು. “ನೀನೂ ಹರಳು ವಾಪಸ್ ಡಾಲ್ತೀ ಥೀ ನಾ?”

ನಾನು ಗಂಡನ ಮುಖ ನೋಡಿದೆ. ಅವರು ಸೋರುವ ಮೂಲೆಯನ್ನು ನೋಡುತ್ತಿದ್ದರು.

“ಹಾಕ್ತಿದ್ದೆ. ನಿಮ್ಮಜ್ಜ ಮರಳು ತಂದು ಕೊಡ್ತಿದ್ದ.”

ಅವಳು ಅಳಲಿಲ್ಲ. ಅಂಗಳದ ಗಾಳಿಯಲ್ಲಿ ಕೂದಲು ಮುಖದ ಮೇಲೆ ಹಾರುತ್ತಿತ್ತು, ಸರಿಸಿಕೊಂಡಳು. ಆಮೇಲೆ ಬೇರೆಯೇ ಮಾತು ಎತ್ತಿದಳು. ಈ ಮಕ್ಕಳ ಕ್ಯಾಂಪು ಮುಗಿದ ಕೂಡಲೇ ಮತ್ತೊಂದು ತಂಡ ಬರುತ್ತದೆ. ಬರಬೇಕಿದ್ದ ಸ್ವಯಂಸೇವಕಿಯೊಬ್ಬಳು ಕಾಲು ಮುರಿದುಕೊಂಡಿದ್ದಾಳೆ. ಕ್ಯಾಂಪಿನ ದೊಡ್ಡವರು ಕರುಣಾಳನ್ನು ಕರೆದು ಬೇಸಿಗೆ ಮುಗಿಯುವ ತನಕ ಇರುತ್ತೀಯಾ ಅಂತ ಕೇಳಿದ್ದಾರೆ.

“ನಂಗ ಇರಬೇಕು ಅನಸ್ತದ,” ಅಂದಳು, ನಿಧಾನವಾಗಿ, ಒಂದೊಂದು ಶಬ್ದವನ್ನೂ ಹುಡುಕಿ. “ಪರ್ ನೀ ಬಾ ಅಂದ್ರ ಬರ್ತೀನಿ. ನೀ ಹೇಳು.”

ನೋಡಿ, ಹೋದ ವಾರ ಸುಲಭವಿತ್ತು. ಅಳುವ ಹುಡುಗಿಗೆ ಇರು ಅನ್ನುವುದು ಸುಲಭ. ಈಗ ನಗುವ ಹುಡುಗಿ ಕೇಳುತ್ತಿದ್ದಳು. ಒಂದು ಚೂರು ದನಿ ಬದಲಿಸಿ, ನಮಗೂ ವಯಸ್ಸಾಯಿತವ್ವಾ ಅಂದಿದ್ದರೆ ಸಾಕು, ಬಂದುಬಿಡುತ್ತಿದ್ದಳು, ಬೇಜಾರೂ ಮಾಡಿಕೊಳ್ಳುತ್ತಿರಲಿಲ್ಲ. ಅವಳ ಗಾದಿ ಅಲ್ಲೇ ಹಾಸಿತ್ತು. ನಮ್ಮ ಮನೆಯವರು ಈ ಸಲ ಫೋನಿನ ಮೇಲೆ ಕೈ ಇಡಲಿಲ್ಲ. ನನ್ನ ಬಾಯಿಂದ ಏನು ಬರುತ್ತದೆ ಅಂತ ಅವರೂ ಕಾಯುತ್ತಿದ್ದರು, ಅಷ್ಟು ದೂರದಲ್ಲಿ ಅವಳೂ ಕಾಯುತ್ತಿದ್ದಳು.

“ಬರಬ್ಯಾಡ,” ಅಂದೆ. “ಅಲ್ಲೇ ಇರು.”

ಅವಳು ಕುಣಿದಳೋ ಏನೋ, ಪರದೆಯ ಮೇಲೆ ಆಕಾಶ, ಹುಲ್ಲು, ಅವಳ ಕಿವಿ ಎಲ್ಲ ತಿರುಗಿದವು. ಒಳಗಿನಿಂದ ಯಾರೋ ಕರುಣಾ, ಕರುಣಾ ಅಂತ ಕರೆದರು. ಆ ಮಗುವಿನ ದನಿಯೇ ಇರಬೇಕು. ಬಂದೆ ಅಂತಲೇ ಇರಬೇಕು, ಅವರ ಮಾತಿನಲ್ಲೇ ಗಟ್ಟಿಯಾಗಿ ಕೂಗಿ ಹೇಳಿದಳು. ಅಷ್ಟು ಗಟ್ಟಿ ದನಿ ಅವಳೊಳಗೆ ಇತ್ತೆಂದು ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಫೋನು ಬಂದ್ ಆಯಿತು.

ನಮ್ಮ ಮನೆಯವರು ಟವೆಲ್ ತೆಗೆದುಕೊಂಡು ಮುಖ ಒರೆಸುತ್ತ ಕೂತರು. ನನಗೆ ಕೂರಲು ಆಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟೆ. ಎರಚಲು ಗ್ಯಾಲರಿಯ ಒಳಗೆಲ್ಲ ಹೊಡೆಯುತ್ತಿತ್ತು, ಕರೆಂಟು ಇನ್ನೂ ಬಂದಿರಲಿಲ್ಲ. ಮೊದಲು ಶಿಂದೆ ಬಾಯಿಯ ಬಾಗಿಲು ಬಡಿದೆ. ಅವಳು ಗಾಬರಿಯಿಂದ ತೆರೆದು, “ಕ್ಯಾ ಹುವಾ ಮೌಸಿ? ಕಬ್ ಆ ರಹೀ ಹೈ?” ಅಂದಳು.

“ನಹೀ ಆ ರಹೀ,” ಅಂದೆ ನಾನು. ಮದುವೆ ಗಟ್ಟಿಯಾದ ಸುದ್ದಿ ಹೇಳುವವಳ ಹಾಗೆ ಹೇಳಿದೆನಂತೆ. ಶಿಂದೆ ಬಾಯಿಗೆ ಏನೂ ತಿಳಿಯದಿದ್ದರೂ ನನ್ನ ಕೈ ಹಿಡಿದುಕೊಂಡು ನಕ್ಕಳು. ಅವಳ ಬಾಗಿಲು ಬಿಟ್ಟು ಅದರಾಚೆಯ ಬಾಗಿಲಿಗೆ ಹೋದೆ, ಅಲ್ಲಿಂದ ಅದರ ಮುಂದಿನದಕ್ಕೆ. ಗ್ಯಾಲರಿ ಮುಗಿದ ಮೇಲೆ ನೀರು ಸುರಿಯುವ ಮೆಟ್ಟಿಲು ಇಳಿದು ಕೆಳಗಿನ ಮಾಳಿಗೆಗೂ ಹೋದೆ. ಎಲ್ಲರಿಗೂ ಒಂದೇ ಮಾತು: ನಮ್ಮ ಕರುಣಾ ಬರುವುದಿಲ್ಲ.